ಆಟಕ್ಕಾಗಿ ಒಂದು ಆಟ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಾಲ್ಲೂಕು ಕೇಂದ್ರದ ಪೇಟೆಬೀದಿಯಲ್ಲಿ ಒಬ್ಬರು ಕಂಕುಳಲ್ಲಿ ಉದ್ದನೆಯ ಪುಸ್ತಕ ಇರುಕಿಕೊಂಡು ಬರುತ್ತಿದ್ದಾರೆ ಎಂದರೆ ಗಲ್ಲಾಪೆಟ್ಟಿಗೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಬಟ್ಟೆ ಅಂಗಡಿಯವರಿಗೆ ಗೋದಾಮಿನಲ್ಲಿ ತುರ್ತು ಕೆಲಸ ನೆನಪಾಗುತ್ತದೆ. ಕಬ್ಬಿಣದ ಅಂಗಡಿಯವರು ಮೊಬೈಲನ್ನು ಕಿವಿಗಿಟ್ಟುಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ ‘ಹ್ಞೂಂ, ಹ್ಞೂಂ, ಲೋಡ್ ಕಳಿಸಿ’ ಎನ್ನತೊಡಗುತ್ತಾರೆ. ಒಂದು ಅಂಗಡಿಯಲ್ಲಂತೂ ಗಲ್ಲಾದ ಮುಂದೆ ಕೂತವರೇ ‘ಯಜಮಾನ್ರು ಇಲ್ಲ ಸಾರ್, ಸಂಜೆ ಬನ್ನಿ’ ಎಂದರು. ಹಾಗೆಂದವರೇ ಯಜಮಾನರು.

ಬಂದವರು ಊರಿನ ಕ್ರೀಡಾ ಸಂಘದ ಕಾರ್ಯದರ್ಶಿ. ಕಂಕುಳಲ್ಲಿರುವುದು ರಸೀತಿ ಪುಸ್ತಕ.

ಅವರು ಕೇಳುವುದು ಅರಮನೆಯನ್ನೇನಲ್ಲ. ಹೈಸ್ಕೂಲು ಹುಡುಗಿಯರ ಖೋ ಖೋ ತಂಡಕ್ಕೆ ಹನ್ನೆರಡು ಜೊತೆ ಶೂ, ಬೆನ್ನ ಮೇಲೆ ನಂಬರು ಬರೆದ ಜೆರ್ಸಿ, ರಾಜ್ಯಮಟ್ಟದ ಪಂದ್ಯಕ್ಕೆ ಹೋಗಿಬರುವ ಬಸ್ ಚಾರ್ಜು. ಖೋ ಖೋ ಬಡವರ ಮನೆಯ ಆಟ. ಎರಡು ಕಂಬ ನೆಟ್ಟು, ಬೊಗಸೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಅಂಕಣ ಸಿದ್ಧ. ಅಷ್ಟರಲ್ಲೇ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ, 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದವರೆಗೆ ಓಡಿದರು. ಆ ಸುದ್ದಿ ಬಂದಾಗ ಪೇಟೆಬೀದಿಯಲ್ಲಿ ಎಲ್ಲರಿಗೂ ಹೆಮ್ಮೆಯೇ. ಹೆಮ್ಮೆಗೆ ರಸೀತಿ ಹರಿಯಲು ಬರುವುದಿಲ್ಲ, ಅಷ್ಟೇ.

ಚಂದಾ ಎತ್ತುವುದಕ್ಕೂ ಪಂಚಾಂಗ ಉಂಟು. ಬೋಣಿ ಆಗುವ ಮುಂಚೆ ಹೋಗಬಾರದು. ಮೊದಲ ಕಾಸು ಒಳಗೆ ಬರುವ ಬದಲು ಹೊರಗೆ ಹೋದರೆ ದಿನವೆಲ್ಲ ಹೋಗುತ್ತಲೇ ಇರುತ್ತದಂತೆ. ಮಂಗಳವಾರ ಯಾರೂ ದುಡ್ಡು ಹೊರಗೆ ಹಾಕುವುದಿಲ್ಲ, ಶುಕ್ರವಾರ ಲಕ್ಷ್ಮಿಯ ದಿನ. ಸಂತೆಯ ದಿನ ಮಾತಾಡಲು ಪುರುಸೊತ್ತಿಲ್ಲ, ಭಾನುವಾರ ಅಂಗಡಿ ಅರ್ಧ ಬಾಗಿಲು. ಉಳಿದ ದಿನಗಳಲ್ಲಿ ಬೀದಿಯ ಗಣಪತಿ ಸಮಿತಿಯವರು, ಜಾತ್ರೆಯವರು, ರಾಜ್ಯೋತ್ಸವದವರು ಮೊದಲೇ ಬಂದುಹೋಗಿರುತ್ತಾರೆ. ರಸೀತಿ ಪುಸ್ತಕದ ಮೊದಲ ಹಾಳೆಗೂ ಒಂದು ಶಾಸ್ತ್ರವಿದೆ. ಅಲ್ಲಿ ಊರಿನ ಹಳೆಯ ಡಾಕ್ಟರು 1,001 ಎಂದು ಬರೆಸಿದ್ದರೆ ಮುಂದಿನವರು 501ಕ್ಕೆ ಇಳಿಯಲು ನಾಚುತ್ತಾರೆ. ಮೊದಲ ಹಾಳೆಯಲ್ಲಿ 51 ಬಿತ್ತೋ, ಇಡೀ ಪುಸ್ತಕ 51ರಲ್ಲೇ ಮುಗಿಯುತ್ತದೆ. ಅನುಭವಸ್ಥ ಕಾರ್ಯದರ್ಶಿಗಳು ಡಾಕ್ಟರ ಮನೆಗೆ ಹಾಲಿನವನಿಗಿಂತ ಮುಂಚೆ ಹೋಗುವುದು ಇದಕ್ಕೇ.

ಇಷ್ಟೆಲ್ಲ ಮಾಡಿದರೂ ಬರಿಗೈಯಲ್ಲಿ ಹೋಗಿ ಕೇಳಿದರೆ ದುಡ್ಡು ಹುಟ್ಟುವುದು ಕಷ್ಟ. ಮಕ್ಕಳ ಆಟಕ್ಕೆ ದುಡ್ಡು ಬೇಕಾದರೆ ಮೊದಲು ದೊಡ್ಡವರಿಗೆ ಒಂದು ಆಟ ತೋರಿಸಬೇಕು. ಕನ್ನಡದಲ್ಲಿ ಈ ಸೂಕ್ಷ್ಮ ಪದದಲ್ಲೇ ಅಡಗಿದೆ. ಕರಾವಳಿಯಲ್ಲಿ ಯಕ್ಷಗಾನವೂ ಆಟ, ಟಾಕೀಸಿನಲ್ಲಿ ಸಿನಿಮಾ ಕೂಡ ಮೊದಲನೇ ಆಟ, ಎರಡನೇ ಆಟ. ಹಿಂದೆ ಊರಿಗೆ ನಾಟಕ ಕಂಪನಿ ಬಂದು ಕ್ಯಾಂಪ್ ಹಾಕಿದರೆ, ಶಾಲೆಯ ಕಟ್ಟಡಕ್ಕೋ ಆಟದ ಮೈದಾನಕ್ಕೋ ಒಂದು ದಿನದ ಗಲ್ಲಾ ಬಿಟ್ಟುಕೊಡುವ ರೂಢಿ ಇತ್ತು. ಅದಕ್ಕೆ ‘ಬೆನಿಫಿಟ್ ಷೋ’ ಎಂದು ಹೆಸರು, ಭಿತ್ತಿಪತ್ರದಲ್ಲಿ ಮಾತ್ರ ‘ಸಹಾಯಾರ್ಥ ಪ್ರದರ್ಶನ’. ಕರಾವಳಿಯಲ್ಲಿ ಇವತ್ತಿಗೂ ಸಹಾಯಾರ್ಥ ಯಕ್ಷಗಾನ ನಡೆಯುತ್ತದೆ. ಮೇಳಕ್ಕೆ ವೀಳ್ಯ ಕೊಟ್ಟು, ಊರಿನ ಮೈದಾನದಲ್ಲಿ ರಂಗಸ್ಥಳ ಕಟ್ಟಿ, ಕಬಡ್ಡಿ ಹುಡುಗರು ರಾತ್ರಿಯಿಡೀ ಕುರ್ಚಿ ಹೊತ್ತು ಚಹಾ ಹಂಚುತ್ತಾರೆ. ಬೆಳಗಿನ ಜಾವ ಮಹಿಷಾಸುರ ಸಾಯುವ ಹೊತ್ತಿಗೆ ಅವರೂ ಸುಮಾರು ಅದೇ ಸ್ಥಿತಿಯಲ್ಲಿರುತ್ತಾರೆ.

ಇದು ಸಣ್ಣ ಊರಿನವರ ಉಪಾಯ ಎಂದು ಮೂಗು ಮುರಿಯಬೇಕಿಲ್ಲ. 1983ರ ಜೂನ್ 25ರಂದು ಕಪಿಲ್ ದೇವ್ ತಂಡ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಎತ್ತಿತು. ಆ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರು ನಮ್ಮ ರೋಜರ್ ಬಿನ್ನಿ. ಸ್ಟಂಪಿನ ಹಿಂದೆ ನಿಂತಿದ್ದವರು ನಮ್ಮ ಕಿರ್ಮಾನಿ. ಕಪ್ಪೇನೋ ಬಂತು, ಗೆದ್ದವರಿಗೆ ಕೊಡಲು ಕ್ರಿಕೆಟ್ ಮಂಡಳಿಯ ಹತ್ತಿರ ದುಡ್ಡಿರಲಿಲ್ಲ. ಆಗ ಮಂಡಳಿಯವರು ಮಾಡಿದ್ದು ಯಾವ ತಾಲ್ಲೂಕು ಕ್ರೀಡಾ ಸಂಘವೂ ಮಾಡುವ ಕೆಲಸವನ್ನೇ: ಒಂದು ರಸಮಂಜರಿ ಏರ್ಪಡಿಸಿದರು. ಹಾಡಿದವರು ಲತಾ ಮಂಗೇಶ್ಕರ್, ಇಷ್ಟೇ ವ್ಯತ್ಯಾಸ. ದೆಹಲಿಯ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಆ ಕಛೇರಿಯಿಂದ ಸುಮಾರು 20 ಲಕ್ಷ ರೂಪಾಯಿ ಕೂಡಿತು, ಆಟಗಾರರಿಗೆ ತಲಾ ಒಂದು ಲಕ್ಷ ಬಂತು. ಲತಾ ಸಂಭಾವನೆ ಮುಟ್ಟಲಿಲ್ಲ. ಹಾಗೆ ಚಂದಾ ಎತ್ತಿದ ಅದೇ ಮಂಡಳಿ 2022ರಲ್ಲಿ ಐಪಿಎಲ್ ಪಂದ್ಯಗಳ ಐದು ವರ್ಷದ ಪ್ರಸಾರದ ಹಕ್ಕನ್ನು 48,390 ಕೋಟಿ ರೂಪಾಯಿಗೆ ಮಾರಿತು. ಪೇಟೆಬೀದಿಯ ಕಾರ್ಯದರ್ಶಿಗಳು ಈ ಕಥೆಯನ್ನು ಪ್ರತಿ ಅಂಗಡಿಯಲ್ಲೂ ಹೇಳುತ್ತಾರೆ. ಕೇಳಿದವರು ‘ಹೌದಾ, ಹಾಗಾದ್ರೆ ಅವರನ್ನೇ ಕೇಳಿ’ ಎನ್ನುತ್ತಾರೆ.

ಆಟವನ್ನೇ ಒಡ್ಡಿ ದುಡ್ಡು ಕೂಡಿಸಲು ಹೋಗಿ ಕೈಸುಟ್ಟುಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನಲ್ಲಿ ಬಹುಕಾಲ ಸೇವೆ ಮಾಡಿದ ಆಟಗಾರನಿಗೆ ಒಂದು ಪಂದ್ಯದ ಗೇಟ್ ಹಣವನ್ನು ಬಿಟ್ಟುಕೊಡುತ್ತಿದ್ದರು. ಮೂರು ದಿನದ ಪಂದ್ಯ, ಮೂರು ದಿನದ ಟಿಕೆಟ್. 1907ರಲ್ಲಿ ಆಲ್ಬರ್ಟ್ ಟ್ರಾಟ್ ಎಂಬ ಬೌಲರನ ಸಹಾಯಾರ್ಥ ಪಂದ್ಯ ಲಾರ್ಡ್ಸ್‌ನಲ್ಲಿ ನಡೆಯಿತು. ಪುಣ್ಯಾತ್ಮ ಒಂದೇ ಇನ್ನಿಂಗ್ಸ್‌ನಲ್ಲಿ ಸತತ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್ ಕಿತ್ತು, ಅದು ಸಾಲದೆಂದು ಮತ್ತೊಂದು ಹ್ಯಾಟ್ರಿಕ್ ಪಡೆದು, ತನ್ನ ಪಂದ್ಯವನ್ನು ತಾನೇ ಬೇಗ ಮುಗಿಸಿಬಿಟ್ಟ. 1953ರಲ್ಲಿ ಬಾತ್ ಪಟ್ಟಣದಲ್ಲಿ ಬರ್ಟಿ ಬ್ಯೂಸ್ ಪಾಡು ಇನ್ನೂ ಚೆಂದ. ಅವರ ಸಹಾಯಾರ್ಥ ಪಂದ್ಯದಲ್ಲಿ ಅವರ ತಂಡ ಸಾಮರ್ಸೆಟ್ 55ಕ್ಕೆ ಉರುಳಿತು. ಲ್ಯಾಂಕಾಷೈರ್ 158 ಹೊಡೆಯಿತು, ಸಾಮರ್ಸೆಟ್ ಮತ್ತೆ 79ಕ್ಕೆ ಉರುಳಿತು. ಮೂರು ದಿನದ ಪಂದ್ಯ ಮೊದಲ ದಿನವೇ ಖಲಾಸ್. ಲ್ಯಾಂಕಾಷೈರಿನ ಆರು ವಿಕೆಟ್ ಕಿತ್ತು ಆಟವನ್ನು ಇನ್ನಷ್ಟು ಚುರುಕು ಮಾಡಿದವರು ಯಾರೆಂದರೆ ಸ್ವತಃ ಬ್ಯೂಸ್. ತನ್ನ ಮದುವೆಯ ಊಟಕ್ಕೆ ತಾನೇ ಉಪ್ಪು ಹೆಚ್ಚು ಹಾಕಿದ ಹಾಗೆ.

ರಸಮಂಜರಿಯ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ಟಿಕೆಟ್ ಮಾರಿ ಒಂದು ಲಕ್ಷ ಬಂತೆಂದೇ ಇಟ್ಟುಕೊಳ್ಳೋಣ. ಅದರಲ್ಲಿ ಮೊದಲ ಪಾಲು ವಾದ್ಯಗೋಷ್ಠಿಯವರದು. ಆಮೇಲೆ ಶಾಮಿಯಾನ, ಕುರ್ಚಿ, ಮೈಕ್ ಸೆಟ್, ಕರೆಂಟು ಕೈಕೊಟ್ಟರೆ ಇರಲಿ ಎಂದು ಜನರೇಟರು, ಆ ಜನರೇಟರಿಗೆ ಡೀಸೆಲ್ಲು. ಊರ ನಾಲ್ಕು ದಿಕ್ಕಿಗೆ ಫ್ಲೆಕ್ಸ್. ಫ್ಲೆಕ್ಸ್‌ನಲ್ಲಿ ಮುಖ ಬಿಟ್ಟುಹೋದವರ ಸಮಾಧಾನಕ್ಕೆ ಇನ್ನೆರಡು ಫ್ಲೆಕ್ಸ್. ವೇದಿಕೆಯ ಮೇಲೆ ಹದಿನೆಂಟು ಗಣ್ಯರು. ತಲೆಗೊಂದು ಮೈಸೂರು ಪೇಟ, ಹೆಗಲಿಗೊಂದು ಶಾಲು, ಕೊರಳಿಗೊಂದು ಏಲಕ್ಕಿ ಹಾರ, ಕೈಗೊಂದು ನೆನಪಿನ ಕಾಣಿಕೆ, ಮೇಲೊಂದು ಹಣ್ಣಿನ ಬುಟ್ಟಿ. ಗಣ್ಯರ ಕಾರು ಓಡಿಸಿಕೊಂಡು ಬಂದವರಿಗೆ ಊಟ. ಮಕ್ಕಳ ಶೂ ಈ ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕಬೇಡಿ, ಅದು ‘ಉಳಿದರೆ’ ಎಂಬ ತಲೆಬರಹದ ಕೆಳಗಿದೆ. ಸನ್ಮಾನ ಮುಗಿಯುವುದರೊಳಗೆ ರಾತ್ರಿ ಹತ್ತಾಗಿ, ಧ್ವನಿವರ್ಧಕ ನಿಲ್ಲಿಸಿ ಎಂದು ಪೊಲೀಸರು ಬಂದಾಗ ವಾದ್ಯಗೋಷ್ಠಿಯವರು ಮೂರನೇ ಹಾಡು ಶುರು ಮಾಡಿರುತ್ತಾರೆ.

ಪಕ್ಕದ ಊರಿನ ಕಬಡ್ಡಿ ಸಂಘದವರ ಬುದ್ಧಿವಂತಿಕೆಯೇ ವಾಸಿ. ಮಣ್ಣಿನಲ್ಲಿ ಆಡಿದ ಹುಡುಗರು ಮ್ಯಾಟ್ ಮೇಲೆ ಜಾರುತ್ತಾರೆ, ಆದ್ದರಿಂದ ಮ್ಯಾಟ್ ಬೇಕೇ ಬೇಕು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮ್ಯಾಟ್ ಬರುವುದು ಒಂದು ಮೀಟರ್ ಚೌಕದ ತುಂಡುಗಳಲ್ಲಿ, ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಸಿಕ್ಕಿಸಬೇಕು. ಅಂದರೆ 130 ತುಂಡು. ಅವರು 130 ದಾನಿಗಳನ್ನು ಹುಡುಕಲು ಹೊರಟರು, ತಲೆಗೊಂದು ತುಂಡು. ದೊಡ್ಡ ಹಾಳೆಯಲ್ಲಿ ಅಂಕಣದ ನಕ್ಷೆ ಬರೆದು ಮನೆಮನೆಗೆ ಒಯ್ದರು. ಅಲ್ಲಿಂದ ಶುರುವಾಯಿತು ಸೈಟ್ ವ್ಯಾಪಾರ. ಚಿನ್ನದ ಅಂಗಡಿಯವರಿಗೆ ಬೋನಸ್ ಗೆರೆಯ ಹತ್ತಿರದ್ದೇ ಬೇಕು, ಲಾಭದ ಜಾಗವಂತೆ. ನಿವೃತ್ತ ತಹಶೀಲ್ದಾರರು ಮೂಲೆ ಸೈಟು ಕೇಳಿ, ಪೂರ್ವ ದಿಕ್ಕು ಯಾವುದೆಂದು ವಿಚಾರಿಸಿದರು. ಇಬ್ಬರು ದಾಯಾದಿಗಳು ಅಕ್ಕಪಕ್ಕದ ತುಂಡು ಬೇಡವೆಂದು ಹಟ ಹಿಡಿದು, ಮಧ್ಯದ ಗೆರೆಯ ಆಚೆ ಒಬ್ಬರು, ಈಚೆ ಒಬ್ಬರು ಇರುವುದೆಂದು ತೀರ್ಮಾನವಾಯಿತು. ನಕ್ಷೆ ತುಂಬಿತು. ಪೇಟ, ಶಾಲು, ಡೀಸೆಲ್ ಒಂದೂ ಇಲ್ಲದೆ ಮ್ಯಾಟ್ ಬಂತು. ಈಗ ರೈಡಿಗೆ ಬಂದ ಹುಡುಗನನ್ನು ಕೆಡವಿದರೆ, ‘ನೋಡ್ರೀ, ನನ್ನ ತುಂಡಿನ ಮೇಲೇ ಹಿಡಿದದ್ದು’ ಎಂದು ಗ್ಯಾಲರಿಯಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ.

ದುಡ್ಡು ಕೊಡುವವನನ್ನೇ ಅಂಕಣಕ್ಕೆ ಇಳಿಸುವ ಈ ಯುಕ್ತಿಯನ್ನು ದೊಡ್ಡ ನಗರಗಳು ದೊಡ್ಡದಾಗಿ ಮಾಡುತ್ತವೆ. ಲಂಡನ್ ಮ್ಯಾರಥಾನ್ 1981ರಲ್ಲಿ ಶುರುವಾದದ್ದು. ಅದರ ಓಟಗಾರರು ನೆಂಟರಿಷ್ಟರಿಂದ, ಸಹೋದ್ಯೋಗಿಗಳಿಂದ ಧರ್ಮಕಾರ್ಯಕ್ಕೆಂದು ಕೂಡಿಸಿದ ಹಣ 2019ರ ಹೊತ್ತಿಗೆ 100 ಕೋಟಿ ಪೌಂಡ್ ದಾಟಿತು. ಬೆಂಗಳೂರಿನಲ್ಲೂ 2008ರಿಂದ ವರ್ಲ್ಡ್ 10ಕೆ ನಡೆಯುತ್ತಿದೆ. ಅದರಲ್ಲಿ ‘ಮಜಾ ರನ್’ ಎಂಬ ವಿಭಾಗವೇ ಇದೆ, ಹೆಸರಿಗೆ ತಕ್ಕ ಹಾಗೆ ಅಲ್ಲಿ ಗಡಿಯಾರ ನೋಡುವವರು ಕಡಿಮೆ. ರಾಕ್ಷಸನ ವೇಷ ಹಾಕಿದವರೂ ಓಡುತ್ತಾರೆ, ಸೀರೆ ಉಟ್ಟವರೂ ಓಡುತ್ತಾರೆ, ಕಬ್ಬನ್ ಪಾರ್ಕಿನ ನೆರಳು ಕಂಡ ಕೂಡಲೇ ನಡೆಯಲು ಶುರುಮಾಡುವವರೂ ಇದ್ದಾರೆ. ಸುಮ್ಮನೆ ಸಾವಿರ ರೂಪಾಯಿ ಕೊಡಿ ಎಂದರೆ ಬಾಗಿಲು ಹಾಕಿಕೊಳ್ಳುವ ಮನುಷ್ಯ, ಅದೇ ಸಾವಿರ ತೆತ್ತು ಭಾನುವಾರ ಬೆಳಗಿನ ಜಾವ ಎದ್ದು, ಎದೆಗೆ ನಂಬರು ಚುಚ್ಚಿಕೊಂಡು, ಮೊಣಕಾಲು ನೋಯಿಸಿಕೊಂಡು ಬರುತ್ತಾನೆ. ಬಂದು ಪದಕದ ಫೋಟೊವನ್ನು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ.

ಈ ವಿದ್ಯೆಯಲ್ಲಿ ಕೊಡಗಿನವರನ್ನು ಮೀರಿಸಿದವರಿಲ್ಲ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಮೊದಲ ವರ್ಷ 60 ಕುಟುಂಬಗಳ ತಂಡಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360. ಪ್ರತಿವರ್ಷ ಒಂದು ಮನೆತನ ಹಬ್ಬದ ಹೊರೆ ಹೊರುತ್ತದೆ. ಅಲ್ಲಿ ಚಂದಾ ಕೇಳಲು ಬಂದವರಿಂದ ತಪ್ಪಿಸಿಕೊಳ್ಳುವ ಹಾಗೂ ಇಲ್ಲ, ಯಾಕೆಂದರೆ ಬಂದವರು ಚಿಕ್ಕಪ್ಪನೇ ಆಗಿರುತ್ತಾರೆ, ಜೊತೆಗೆ ಅವರು ಎಡಗಡೆ ಫುಲ್‌ಬ್ಯಾಕ್ ಕೂಡ.

ನಮ್ಮ ಕಾರ್ಯದರ್ಶಿಗಳಿಗೂ ಒಮ್ಮೆ ದೊಡ್ಡ ಮೀನು ಹಿಡಿಯುವ ಆಸೆಯಾಯಿತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು, ಗ್ರಾಮೀಣ ಕ್ರೀಡೆಯ ತರಬೇತಿಯೂ ಆ ಪಟ್ಟಿಯಲ್ಲಿದೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಹವಾನಿಯಂತ್ರಿತ ಕೋಣೆಯಲ್ಲಿ ಕೂತ ಹುಡುಗಿ ಬಲು ಮರ್ಯಾದೆಯಿಂದ ನೀರು ಕೊಟ್ಟು, ಸಂಘದ ಸಿಎಸ್‌ಆರ್-1 ನೋಂದಣಿ ಎಲ್ಲಿ, ಮೂರು ವರ್ಷದ ಆಡಿಟ್ ಆದ ಲೆಕ್ಕ ಎಲ್ಲಿ, ಶೂ ಹಾಕಿದ್ದರಿಂದ ಮಕ್ಕಳಲ್ಲಾಗುವ ಬದಲಾವಣೆಯನ್ನು ಅಳೆಯುವುದು ಹೇಗೆ ಎಂದು ಕೇಳಿದಳು. ‘ಕಾಲಿಗೆ ಮುಳ್ಳು ಚುಚ್ಚಲ್ಲ ಕಣಮ್ಮ’ ಎಂದರು ಇವರು. ಸಂಘದ ಮೂರು ವರ್ಷದ ಲೆಕ್ಕ ಮೂರು ಲಗ್ನಪತ್ರಿಕೆಗಳ ಬೆನ್ನ ಮೇಲಿತ್ತು. ಪೈಸೆ ಪೈಸೆಗೂ ತಾಳೆಯಾಗುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಲಗ್ನಪತ್ರಿಕೆಯನ್ನು ಆಡಿಟ್ ಮಾಡುವವರು ಸಿಗಲಿಲ್ಲ.

ಕೊನೆಗೆ ಶೂ ಬಂದದ್ದು ಪೇಟೆಬೀದಿಯಿಂದಲೇ: ಡಾಕ್ಟರ 1,001, ಕಬ್ಬಿಣದ ಅಂಗಡಿಯವರ 501, ‘ಯಜಮಾನ್ರು ಇಲ್ಲ’ ಎಂದ ಯಜಮಾನರಿಂದ ಐದನೇ ಸಲ ಹೋದಾಗ 251, ಹೂ ಕಟ್ಟುವಾಕೆ ಕರೆದು ಕೊಟ್ಟ 50. ಆ ಹೂವಿನವಳ ಮಗಳು ತಂಡದಲ್ಲಿಲ್ಲ. ಹುಡುಗಿಯರು ಸಂಜೆ ಓಡುವುದನ್ನು ನೋಡುತ್ತಾ ಕೂತಿರುತ್ತಾಳಂತೆ, ಅಷ್ಟೇ. ಪುಸ್ತಕದ ಕೊನೆಯ ರಸೀತಿ ಹರಿದಾಗ ನವೆಂಬರ್ ಬಂದಿತ್ತು. ಕಾರ್ಯದರ್ಶಿಗಳು ಮಕ್ಕಳ ಪಾದದ ಅಳತೆಯನ್ನು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡದ್ದು ಜೂನ್‌ನಲ್ಲಿ. ಹದಿಮೂರು ಹದಿನಾಲ್ಕು ವರ್ಷದ ಕಾಲು ಚಂದಾಕ್ಕಾಗಿ ಕಾಯುವುದಿಲ್ಲ. ಹನ್ನೆರಡು ಜೊತೆಯಲ್ಲಿ ಐದು ಹಿಡಿಸಲಿಲ್ಲ.

ಹಾಗಾಗಿ ಓದುಗರಲ್ಲಿ ಒಂದು ಮನವಿ. ಕಂಕುಳಲ್ಲಿ ಉದ್ದನೆಯ ಪುಸ್ತಕ ಇರುಕಿಕೊಂಡವರು ನಿಮ್ಮ ಬಾಗಿಲಿಗೂ ಬಂದಾರು. ಕೊಡುವುದಿದ್ದರೆ ಜೂನ್‌ನಲ್ಲೇ ಕೊಟ್ಟುಬಿಡಿ, ರಸೀತಿ ಕೇಳಿ ಪಡೆಯಿರಿ. ಸಂಘಕ್ಕೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿಯ ಮಾನ್ಯತೆ ಇದ್ದು, ಮೊತ್ತ ಎರಡು ಸಾವಿರ ದಾಟಿದರೆ ನಗದು ಬೇಡ, ಚೆಕ್ಕೋ ಯುಪಿಐಯೋ ಮಾಡಿ. ನಗದು ಕೊಟ್ಟರೆ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ.