ನನ್ನ ರಕ್ತದ ಕೊಳೆರೋಗ

ಆಷಾಢದಲ್ಲಿ ಕುದುರೆಮುಖ ಹತ್ತಿದವನಿಗೆ ಇಂಬಳ ಕಚ್ಚುವುದು ಮಾಮೂಲು. ನನಗೆ ಇಳಿಯುವಾಗ ಜಾರಿ, ಯಾರದೋ ತೋಟದ ತುಕ್ಕು ಹಿಡಿದ ತಂತಿಬೇಲಿಯೂ ಕಚ್ಚಿತು. ಕಳಸಕ್ಕೆ ಬಂದು ಟಿಟಿ ಚುಚ್ಚಿಸಿಕೊಂಡೆ. ಸೂಜಿ ಹೊರಬರುವಷ್ಟರಲ್ಲಿ ದುರ್ಬುದ್ಧಿ ಒಳಹೊಕ್ಕಿತ್ತು: ಇನ್ನೊಂದು ವಾರಕ್ಕೆ ಧನುರ್ವಾಯುವಿನ ಪ್ರತಿಕಾಯ ಮಾಡುವ ಬಿ ಕೋಶಗಳು ನನ್ನ ರಕ್ತದಲ್ಲೇ ಓಡಾಡುತ್ತವೆ. ನಾನು ದುಡಿಯುವ ಬೆಂಗಳೂರಿನ ಲ್ಯಾಬಿಗೆ ಬೇಕಾದ ಸರಕು ಮೈಯೊಳಗೇ!

ಅಪ್ಪನಿಗೆ ವಿವರಿಸಿದೆ. ಬಿ ಕೋಶ ಮೈಯಿಂದ ಹೊರಗೆ ಹೆಚ್ಚು ದಿನ ಬಾಳದು. ಮೈಲೋಮ ಎಂಬ ಕ್ಯಾನ್ಸರ್ ಕೋಶಕ್ಕೆ ಸಾವೇ ಇಲ್ಲ. ಎರಡನ್ನೂ ಬೆಸೆದರೆ ಹುಟ್ಟುವ ಕೋಶ ಒಂದೇ ಬಗೆಯ ಪ್ರತಿಕಾಯವನ್ನು ಸುರಿಸುತ್ತಲೇ ಇರುತ್ತದೆ.

"ರೋಬಸ್ಟಾ ಬೇರಿಗೆ ಅರೇಬಿಕಾ ಕಸಿ ಕಟ್ಟೋದು, ಅಷ್ಟೇ ತಾನೆ?" ಎಂದರು.

ಅಷ್ಟೇ ಅಲ್ಲ. ಕಸಿಯಲ್ಲಿ ಎರಡೂ ಬೇರೆಬೇರೆಯಾಗೇ ಇರುತ್ತವೆ; ಇಲ್ಲಿ ಒಂದೇ ಪೊರೆಯೊಳಗೆ ಸಂಸಾರ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಇಲಿಯ ಕೋಶಗಳಲ್ಲಿ ಇದನ್ನು ಸಾಧಿಸಿ, 1984ರಲ್ಲಿ ನೊಬೆಲ್ ಹಂಚಿಕೊಂಡರು. ಮನುಷ್ಯರ ಕೋಶ ಮಾತ್ರ ಮಹಾ ಹಟಮಾರಿ, ಸುಲಭಕ್ಕೆ ಬೆಸೆಯುವುದಿಲ್ಲ, ಬೆಸೆದರೂ ನಿಲ್ಲುವುದಿಲ್ಲ. ನಮ್ಮ ಮನೆಯವರ ಕೋಶವಾದರೆ ಕೇಳುವುದೇ ಬೇಡ.

ಒಪ್ಪಿಗೆ ಪತ್ರದಲ್ಲಿ ದಾನಿಯ ಸಹಿಯೂ ನನ್ನದೇ, ಪಡೆದವನ ಸಹಿಯೂ ನನ್ನದೇ. ಎಂಟನೆಯ ದಿನ ರಕ್ತ ತೆಗೆಸಿ, ಕೋಶಗಳನ್ನು ಬೇರ್ಪಡಿಸಿ, ಮೈಲೋಮದ ಜೊತೆ ಬೆರೆಸಿ, ಪಾಲಿಎಥಿಲೀನ್ ಗ್ಲೈಕಾಲ್ ಹನಿಸಿದೆ. ಪೊರೆಗಳು ಒಂದಕ್ಕೊಂದು ಕರಗಿ ಸೇರುವುದು ಅದರಿಂದಲೇ. ಹೊತ್ತು ಮೀರಿದರೆ ಕೋಶ ಸಾಯುವುದೂ ಅದರಿಂದಲೇ. ನಿಮಿಷ ಎಣಿಸಿ ತೊಳೆದು, 96 ಗುಳಿಗಳ ತಟ್ಟೆಗೆ ಹಂಚಿ, ಹ್ಯಾಟ್ ಎಂಬ ದ್ರವ ಹಾಕಿದೆ. ಬೆಸೆಯದ ಮೈಲೋಮ ಅದರಲ್ಲಿ ಸಾಯುತ್ತದೆ, ಬೆಸೆಯದ ಬಿ ಕೋಶ ತಾನಾಗಿ ಸಾಯುತ್ತದೆ. ಉಳಿದದ್ದೇ ನಮ್ಮ ಕೂಸು.

ಐದನೆಯ ದಿನ ನೋಡಿದರೆ ಗುಳಿಗುಳಿಯಲ್ಲೂ ಬಿಳಿ ಅರಳೆ. ಬೂಷ್ಟು! ಅಪರಾಧಿ ನನ್ನ ಮೈಮೇಲೇ ಇತ್ತು: ಕಳಸದ ಮಳೆಯಲ್ಲಿ ನೆಂದು, ಒಣಗದೆ, ಕಮಟು ವಾಸನೆಯ ಸಮೇತ ಬಸ್ಸು ಹತ್ತಿ ಬಂದ ಸ್ವೆಟರ್. ಕೋಟಿನ ತೋಳಿನಿಂದ ಅದರ ತುದಿ ಗೇಣುದ್ದ ಇಣುಕುತ್ತಿತ್ತು. ಪೆನಿಸಿಲಿನ್ ಹಾಕಿದ್ದೆನಲ್ಲ ಎಂದು ಧೈರ್ಯವಾಗಿದ್ದೆ. ಪೆನಿಸಿಲಿನ್ ಹುಟ್ಟಿದ್ದೇ ಬೂಷ್ಟಿನಲ್ಲಿ; ತವರಿನ ತಿಂಡಿಗೆ ಯಾರಾದರೂ ಸಾಯುತ್ತಾರೆಯೇ?

ತಟ್ಟೆಯನ್ನು ಬ್ಲೀಚಿನಲ್ಲಿ ಮುಳುಗಿಸಿ ಮನೆಗೆ ಫೋನ್ ಮಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಅಲ್ಲ ಮಾರಾಯ, ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀಲಿಲ್ವಾ?"