ಚುರುಮುರಿಗೊಂದು ಉದ್ಘಾಟನೆ

(ಕಾಲೇಜಿನ ಎನ್‌ಎಸ್‌ಎಸ್ ಕೊಠಡಿ. ಸರ್ಕಾರಿ ಶಾಲೆಯ ಮಕ್ಕಳ ನೋಟ್‌ಬುಕ್ಕಿಗೆ ದುಡ್ಡು ಕೂಡಿಸುವ ಸಭೆ.)

ಕಾರ್ಯದರ್ಶಿ: ಸರ್, ಚುರುಮುರಿ ಅಂಗಡಿ ಹಾಕೋಣ. ಮಂಡಕ್ಕಿ, ಈರುಳ್ಳಿ, ಮಾವಿನಕಾಯಿ ಎಲ್ಲ ನಮ್ಮ ಮನೆಗಳಿಂದಲೇ ತರ್ತೀವಿ. ಪೊಟ್ಟಣಕ್ಕೆ ಇಪ್ಪತ್ತು ರೂಪಾಯಿ. ಬಂದದ್ದೆಲ್ಲ ಉಳಿತಾಯವೇ.

ಮೇಷ್ಟ್ರು: ಉದ್ಘಾಟನೆ ಯಾರದ್ದು?

ಕಾರ್ಯದರ್ಶಿ: ಚುರುಮುರಿಗಾ ಸರ್?

ಮೇಷ್ಟ್ರು: ಶಾಸಕರು ಬರದಿದ್ರೆ ಪೇಪರಲ್ಲಿ ಫೋಟೋ ಹಾಕ್ತಾರೇನಯ್ಯ? ಬರ್ಕೋ. ಮೈಸೂರು ಪೇಟ, ಹಾವೇರಿ ಏಲಕ್ಕಿ ಹಾರ, ಗಂಧದ ಸ್ಮರಣಿಕೆ. ಶಾಲು ಎಂಟು.

ಕಾರ್ಯದರ್ಶಿ: ಅತಿಥಿಗಳು ಏಳೇ ಜನ ಸರ್.

ಮೇಷ್ಟ್ರು: ನಾನಿಲ್ವೇನಯ್ಯ?

(1969ರಲ್ಲಿ ಶುರುವಾದ ಎನ್‌ಎಸ್‌ಎಸ್ ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಮೇಷ್ಟ್ರ ಬೆನ್ನಿನ ಗೋಡೆ ಮೇಲೇ ಇದೆ, ಅವರಿಗೆ ಕಾಣುವುದಿಲ್ಲ.)

ಮೇಷ್ಟ್ರು: ಗೇಟಿಗೊಂದು ದೊಡ್ಡ ಫ್ಲೆಕ್ಸು.

ಕಾರ್ಯದರ್ಶಿ: ಪ್ಲಾಸ್ಟಿಕ್ ಫ್ಲೆಕ್ಸು 2016ರಲ್ಲೇ ನಿಷೇಧ ಆಗಿದೆ ಸರ್.

ಮೇಷ್ಟ್ರು: ಕೆಳಗಡೆ ‘ಪರಿಸರ ಉಳಿಸಿ’ ಅಂತ ಬರೆಸು.

ಕಾರ್ಯದರ್ಶಿ: ಖರ್ಚು ಹದಿನಾಲ್ಕು ಸಾವಿರ ದಾಟ್ತು ಸರ್. ಮುನ್ನೂರು ಪೊಟ್ಟಣ ಮಾರಿದ್ರೂ ಬರೋದು ಆರೇ ಸಾವಿರ. ಅದರ ಬದಲು ಸ್ಟೇಷನರಿ ಅಂಗಡಿಯವರ ಹತ್ರ ನೋಟ್‌ಬುಕ್ಕನ್ನೇ ಕೇಳಿದ್ರೆ? ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಹಾಕಿದ್ರೆ ಮುಂದಿನ ವರ್ಷ ಅವರೇ ಕರೆದು ಕೊಡ್ತಾರೆ.

ಮೇಷ್ಟ್ರು: ಲೆಕ್ಕ ಬೋರ್ಡಿಗಾ! ಹುಡುಗಾಟಾನಾ? ನೋಡು, ಎಂಟು ಸಾವಿರ ಕಮ್ಮಿ ಬಿತ್ತು ತಾನೇ? ಅದನ್ನ ತುಂಬಿಸೋಕೆ ಇನ್ನೊಂದು ಕಾರ್ಯಕ್ರಮ ಇಟ್ಕೊಳ್ಳೋಣ. ಸಂಸದರ ಡೇಟು ಸಿಗುತ್ತಾ ಕೇಳು.