ನಡುರಾತ್ರಿಯ ಮಧ್ಯಾಹ್ನ

ಡಿಸೆಂಬರ್ ಮೂರನೇ ವಾರ ಬಂತೆಂದರೆ ನಮ್ಮ ಮೈಸೂರಿನ ಬಡಾವಣೆಯಲ್ಲಿ ಯಾರ ಮನೆಗೆ ಅಮೆರಿಕದ ಮೊಮ್ಮಕ್ಕಳು ಬಂದಿದ್ದಾರೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಕಿಟಕಿಯಿಂದ ಬೀದಿ ನೋಡಿದರೆ ಸಾಕು, ದೀಪ ಉರಿಯುತ್ತಿರುವ ಮನೆಯೇ ಆ ಮನೆ. ಕಿವಿಗೊಟ್ಟರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು, ಮೂರು ಗಾಲಿಯ ಸೈಕಲ್ಲೊಂದು ಗೋಡೆಗೆ ಗುದ್ದಿದ ಸದ್ದು, ಹಿಂದೆಯೇ "ಮೆಲ್ಲಗೆ ಕಂದಾ, ಎಲ್ಲರೂ ಮಲಗಿದ್ದಾರೆ" ಎಂಬ ಅಜ್ಜಿಯ ಪಿಸುದನಿ. ಎಲ್ಲರೂ ಮಲಗಿದ್ದಾರೆ ಎನ್ನುವುದು ಸುಳ್ಳು. ಅಂಥ ಮನೆಗಳಲ್ಲಿ ಆ ಹೊತ್ತಿಗೆ ನಿದ್ದೆ ಮಾಡುವವನು ಮಗುವಿನ ಅಪ್ಪ ಒಬ್ಬನೇ.

ನಮ್ಮದೂ ಅಂಥದೇ ಮನೆ. ಮಗ, ಸೊಸೆ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ 13 ಗಂಟೆ 30 ನಿಮಿಷದ ಅಂತರ. ಮೈಸೂರಿನಲ್ಲಿ ನಡುರಾತ್ರಿ 2 ಎಂದರೆ ಅಲ್ಲಿ ಹಿಂದಿನ ದಿನದ ಮಧ್ಯಾಹ್ನ 12.30, ಊಟದ ಹೊತ್ತು. ಎರಡು ತುಂಬುತ್ತಾ ಬಂದಿರುವ ನಮ್ಮ ಪುಟ್ಟ ಆ ಹೊತ್ತಿಗೆ ಎದ್ದು ಕೂತು ಮಮ್ಮಮ್ಮು ಎಂದರೆ ಅದನ್ನು ಹಟ ಎನ್ನುವುದು ಅನ್ಯಾಯ. (ಎರಡು ತುಂಬುವ ಮೊದಲೇ ಒಮ್ಮೆ ಊರಿಗೆ ಬಂದುಹೋಗುವುದು ಅಲ್ಲಿನ ಕನ್ನಡಿಗರ ಲೆಕ್ಕಾಚಾರ. ಅಲ್ಲಿಯವರೆಗೆ ತೊಡೆಯ ಮೇಲೆ ಕೂರಿಸಿಕೊಂಡರೆ ಮಗುವಿಗೆ ಪೂರ್ತಿ ಟಿಕೆಟ್ ಇಲ್ಲ. ಹದಿನೇಳು ಗಂಟೆ ತೊಡೆ ಮರಗಟ್ಟಿದ ಮೇಲೆ ಆ ಉಳಿತಾಯ ಉಳಿತಾಯವೇ ಎಂಬ ಪ್ರಶ್ನೆ ಬೇರೆ.) ನಾವು ಮಧ್ಯಾಹ್ನ 12.30ಕ್ಕೆ ಎಲೆ ಹಾಕಿ "ಮಗೂನ ಎಬ್ಬಿಸಿ, ಬಿಸಿಬಿಸಿ ತಿನ್ನಲಿ" ಎಂದಾಗ ಅವನಿಗೆ ರಾತ್ರಿ 11. ರಾತ್ರಿ ಹನ್ನೊಂದಕ್ಕೆ ನನ್ನನ್ನು ಯಾರಾದರೂ ಅಲುಗಾಡಿಸಿ ಎಬ್ಬಿಸಿ ಬಾಯಿಗೆ ಒಬ್ಬಟ್ಟು ಇಟ್ಟರೆ ನಾನು ಮಾಡುವ ರಂಪಕ್ಕಿಂತ ಅವನದು ಎಷ್ಟೋ ವಾಸಿ.

ಜೀವಿಗಳ ಒಳಗೇ ಗಡಿಯಾರವಿದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಗಿಡದಿಂದ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ಖಗೋಳಜ್ಞ ನಮ್ಮ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿ ಇಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತಿತ್ತು, ರಾತ್ರಿಯ ಹೊತ್ತಿಗೆ ಮಡಚುತ್ತಿತ್ತು. ಈ ಗಡಿಯಾರವನ್ನು ನಡೆಸುವ ಜೀನುಗಳ ಕೆಲಸ ಬಿಡಿಸಿ ತೋರಿಸಿದ್ದಕ್ಕೆ 2017ರಲ್ಲಿ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ ನೊಬೆಲ್ ಬಂತು. ಅವರು ಅದನ್ನು ಕಂಡದ್ದು ಹಣ್ಣಿನ ನೊಣದಲ್ಲಿ, ಕಳಿತ ಬಾಳೆಹಣ್ಣಿನ ಸುತ್ತ ಹಾರುತ್ತದಲ್ಲ, ಆ ಪುಟಾಣಿ ನೊಣದಲ್ಲಿ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲೂ ಈ ನೊಣಗಳ ಹಗಲು ರಾತ್ರಿಗಳನ್ನು ಅಳೆದವರಿದ್ದಾರೆ. ಮನುಷ್ಯರ ಮುಖ್ಯ ಗಡಿಯಾರ ಇರುವುದು ಮಿದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲ್ಗಡೆ. ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗಂಟು ಅದು. ಅದಕ್ಕೆ ಕೀಲಿ ಕೊಡುವುದು ಕಣ್ಣಿಗೆ ಬೀಳುವ ಬೆಳಕು. ಯಕೃತ್ತು ಮುಂತಾದ ಅಂಗಗಳಿಗೂ ತಮ್ಮ ತಮ್ಮ ಗಡಿಯಾರಗಳಿವೆ, ಅವು ಹೆಚ್ಚಾಗಿ ಊಟದ ಹೊತ್ತನ್ನು ನೋಡಿಕೊಂಡು ನಡೆಯುತ್ತವೆ. ಹೀಗಾಗಿ ವಿಮಾನ ಇಳಿದ ಮೊದಲ ದಿನಗಳಲ್ಲಿ ಮಗುವಿನ ಮಿದುಳು ಒಂದು ಊರಿನಲ್ಲಿ, ಹೊಟ್ಟೆ ಇನ್ನೊಂದು ಊರಿನಲ್ಲಿ, ಮಗು ಮಾತ್ರ ನಮ್ಮ ನಡುಮನೆಯಲ್ಲಿ. ಎರಡು ಮೂರು ತಿಂಗಳೊಳಗಿನ ಕೂಸುಗಳಿಗೆ ಈ ಕಷ್ಟ ಕಡಿಮೆ. ಅವುಗಳ ಗಡಿಯಾರ ಇನ್ನೂ ಸರಿಯಾಗಿ ಶುರುವೇ ಆಗಿರುವುದಿಲ್ಲ. ನಿದ್ದೆ ತರಿಸುವ ಮೆಲಟೋನಿನ್ ಅವಕ್ಕೆ ತಾಯಿಯ ರಾತ್ರಿಯ ಹಾಲಿನಲ್ಲಿ ಬರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಇದನ್ನೆಲ್ಲ ನಮ್ಮ ದೊಡ್ಡಮ್ಮನಿಗೆ ವಿವರಿಸಿದೆ. "ವಂಶದ ಕುಡೀನ ತಗೊಂಡು ಹೋಗಿ ನೊಣದ ಪಕ್ಕ ಕೂರಿಸ್ತೀಯೇನೋ? ದೃಷ್ಟಿ ಆಗಿದೆ, ಅಷ್ಟೇ" ಎಂದರು. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಎಲ್ಲ ಸೇರಿಸಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಎಂದೇ ಶಾಸ್ತ್ರ. ಒಲೆಯ ಮೇಲಿನ ಚಿಮಣಿಯ ಫ್ಯಾನ್ ಅಷ್ಟು ಹೊತ್ತೂ ತಿರುಗುತ್ತಿತ್ತು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಪುಟ್ಟ ಮಾತ್ರ ಆ ಆಟವನ್ನು ಬಹಳ ಮೆಚ್ಚಿ, ಪೊರಕೆ ಹಿಡಿದುಕೊಂಡು ಬಂದು ದೊಡ್ಡಮ್ಮನಿಗೇ ನಿವಾಳಿಸಿದ.

ಮುಂದಿನ ಸಲಹೆ ಜಾಯಿಕಾಯಿ. ಹಾಲಿನಲ್ಲಿ ತೇಯ್ದು ಕುಡಿಸಿದರೆ ಗಡದ್ದು ನಿದ್ದೆ ಎಂದು ನಮ್ಮ ಕಡೆ ಎಲ್ಲ ಅಜ್ಜಿಯರೂ ನಂಬುತ್ತಾರೆ. ಮಕ್ಕಳ ಡಾಕ್ಟರು ಕೈಮುಗಿದು ಬೇಡ ಎಂದರು. ಪ್ರಮಾಣ ಮೀರಿದ ಜಾಯಿಕಾಯಿ ಮಗುವಿಗೆ ವಿಷ. ನಿದ್ದೆ ಬರಲೆಂದು ನೆಗಡಿ ಸಿರಪ್ ಹಾಕುವುದನ್ನೂ ಅವರು ಒಪ್ಪಲಿಲ್ಲ, ಕೆಲವು ಮಕ್ಕಳಿಗೆ ಅದರಿಂದ ನಿದ್ದೆಯ ಬದಲು ಕುಣಿತ ಹತ್ತುತ್ತದಂತೆ. ಆಮೇಲೆ ಸೊಸೆ ಮೆಲ್ಲನೆ ತನ್ನ ಚೀಲದಿಂದ ಮೆಲಟೋನಿನ್ ಮಿಠಾಯಿ ಡಬ್ಬಿ ತೆಗೆದಳು. ಅಮೆರಿಕದಲ್ಲಿ ಅದು ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲೇ ಸಿಗುತ್ತದೆ. ಡಾಕ್ಟರು ಅದಕ್ಕೂ ಇಷ್ಟು ಚಿಕ್ಕವನಿಗೆ ಬೇಡ ಎಂದುಬಿಟ್ಟರು. ಜಾಯಿಕಾಯಿಯೂ ಮಿಠಾಯಿಯೂ ಅಕ್ಕಪಕ್ಕದಲ್ಲಿ ಅಟ್ಟ ಸೇರಿದವು. ಅತ್ತೆ ಸೊಸೆಯರ ನಡುವೆ ಇಷ್ಟು ಸಮಪಾಲಿನ ನ್ಯಾಯ ನಾನು ಬೇರೆ ಎಲ್ಲೂ ಕಂಡಿಲ್ಲ.

ಸೊಸೆ ತಯಾರಿಯಿಲ್ಲದೆ ಬಂದವಳಲ್ಲ. ಹೊರಡುವ ಮೊದಲೇ ದಿನಕ್ಕೆ ಅರ್ಧರ್ಧ ಗಂಟೆ ನಿದ್ದೆಯ ಹೊತ್ತು ಸರಿಸುತ್ತಾ ಬನ್ನಿ ಎಂದು ತಿಳಿದವರು ಹೇಳುತ್ತಾರೆ. ಎರಡು ಮೂರು ಗಂಟೆಯ ಅಂತರಕ್ಕೆ ಇದು ಒಳ್ಳೆಯ ಮಾತು. ನಮ್ಮ ಅಂತರಕ್ಕೆ ಲೆಕ್ಕ ಹಾಕಿದರೆ 27 ದಿನ ಬೇಕು. ಅಂದರೆ ಟಿಕೆಟ್ಟಿನ ತಾರೀಕಿಗೆ ಹೆಚ್ಚುಕಡಿಮೆ ಒಂದು ತಿಂಗಳು ಮೊದಲಿನಿಂದಲೇ ಇಡೀ ಸಂಸಾರ ಕ್ಯಾಲಿಫೋರ್ನಿಯಾದಲ್ಲಿ ಕೂತು ಮೈಸೂರಿನ ಕಡೆಗೆ ತೆವಳಬೇಕು, ಕೊನೆಯ ವಾರ ಆಫೀಸಿಗೆ ನಡುರಾತ್ರಿ ಹೋಗಬೇಕು. ಪೂರ್ವದ ಪ್ರಯಾಣವೇ ಹೆಚ್ಚು ಕಷ್ಟ ಎನ್ನುತ್ತಾರೆ, ಅದಕ್ಕೆ ಕಾರಣವೂ ಇದೆ. ದೇಹದ ಸ್ವಂತ ದಿನ 24 ಗಂಟೆಗಿಂತ ತುಸು ಉದ್ದ. ತಡವಾಗಿ ಮಲಗು ಎಂದರೆ ಒಪ್ಪುತ್ತದೆ, ಬೇಗ ಮಲಗು ಎಂದರೆ ಮುಖ ತಿರುಗಿಸುತ್ತದೆ. ಒಂದು ಗಂಟೆಯ ಅಂತರಕ್ಕೆ ಒಂದು ದಿನ ಎಂಬ ಸ್ಥೂಲ ಲೆಕ್ಕವನ್ನು ಹಿಡಿದರೆ ಎರಡು ವಾರದ ರಜೆ ಪೂರ್ತಿ ಹೊಂದಿಕೊಳ್ಳುವುದಕ್ಕೇ ಸರಿಹೋಗುತ್ತದೆ. ಸದ್ಯ ಮಕ್ಕಳು ಲೆಕ್ಕ ನೋಡುವುದಿಲ್ಲ. ಸಾಮಾನ್ಯವಾಗಿ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಬಂದಿರುತ್ತವೆ.

ನಿಜವಾಗಿ ಕೆಲಸ ಮಾಡುವುದು ಬಿಸಿಲು, ಊಟ, ಕತ್ತಲು. ಹಗಲು ನಿದ್ದೆ ಎರಡು ಗಂಟೆ ದಾಟುವ ಮುನ್ನ ಎಬ್ಬಿಸಿ ಅಂಗಳಕ್ಕೆ ಕರೆತರಬೇಕು. ರಾತ್ರಿ ಎದ್ದರೆ ಹಸಿವಿಗೆ ಏನಾದರೂ ಕೊಟ್ಟು, ಒಂದೇ ಒಂದು ಮಂದ ದೀಪದಲ್ಲಿ, ಟಿವಿ ಮೊಬೈಲು ತೋರಿಸದೆ, ರಾತ್ರಿ ರಾತ್ರಿಯೇ ಎಂದು ಮಗುವಿಗೆ ಮನವರಿಕೆ ಮಾಡಬೇಕು. ಇದರಲ್ಲಿ ಎಣ್ಣೆನೀರಿನದೇ ಒಂದು ದೊಡ್ಡ ತಕರಾರು. ಮಗುವಿಗೆ ಬೆಳಿಗ್ಗೆ ಎಣ್ಣೆ ತೀಡಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿಯುವುದು ನನ್ನ ಹೆಂಡತಿಯ ಪದ್ಧತಿ. ಆ ಸ್ನಾನದ ಮೇಲೆ ಬರುವ ನಿದ್ದೆಯನ್ನು ಕದಲಿಸಲು ಯಾರಿಂದಲೂ ಆಗುವುದಿಲ್ಲ, ಹಗಲೆಲ್ಲ ಅದರಲ್ಲೇ ಕಳೆಯಿತು. ಸಂಜೆಗೆ ಹಾಕಿ ಅತ್ತೆ ಎಂದು ಸೊಸೆ ಬೇಡಿದಳು. ದೀಪ ಹಚ್ಚುವ ಹೊತ್ತಿಗೆ ಯಾರಾದರೂ ತಲೆಗೆ ಎಣ್ಣೆ ಇಡುತ್ತಾರೆಯೇ ಎಂದು ಇವಳು. ಕೊನೆಗೆ ಎಣ್ಣೆ ಬೆಳಿಗ್ಗೆ ನೆಪಕ್ಕೆ, ಬಿಸಿನೀರು ಸಂಜೆ ಎಂದು ರಾಜಿಯಾಯಿತು. ಮಗುವಿನ ಗಡಿಯಾರ ತಿರುಗಿಸುವುದು ಸುಲಭ, ಅಜ್ಜಿಯದು ಕಷ್ಟ.

ಬೆಳಗಿನ ಜಾವದ ಪಾಳಿ ನನ್ನದು. ವಯಸ್ಸಾದಂತೆ ನಿದ್ದೆಯ ಹೊತ್ತು ಹಿಂದಕ್ಕೆ ಜರುಗುತ್ತದೆ, ಮೂರೂವರೆಗೆ ನನಗೆ ತಾನಾಗಿ ಎಚ್ಚರ. ಹಾಸಿಗೆಯಲ್ಲಿ ಹೊರಳಾಡುವ ಮುದುಕನೂ ಹಾಸಿಗೆ ಒಲ್ಲದ ಮಗುವೂ ದೇವರೇ ಕೂಡಿಸಿದ ಜೋಡಿ. ಅಮೆರಿಕದ ಕ್ರಿಸ್ಮಸ್ ರಜೆ ಬೀಳುವುದು ಸರಿಯಾಗಿ ನಮ್ಮ ಧನುರ್ಮಾಸದಲ್ಲಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ದೇವಸ್ಥಾನದಲ್ಲಿ ಸೂರ್ಯ ಹುಟ್ಟುವ ಮೊದಲೇ ಪೂಜೆ, ಆಮೇಲೆ ಬಿಸಿ ಹುಗ್ಗಿ. ಊರಿನ ಮಕ್ಕಳನ್ನು ಆ ಚಳಿಯಲ್ಲಿ ಎಬ್ಬಿಸಲು ಯಾರಿಂದಲೂ ಆಗುವುದಿಲ್ಲ. ನಮ್ಮವನು ಮಂಕಿ ಕ್ಯಾಪ್ ಹಾಕಿಸಿಕೊಂಡು ಐದಕ್ಕೆಲ್ಲ ಗರುಡಗಂಬದ ಹತ್ತಿರ ಹಾಜರು. ದಾರಿಯಲ್ಲಿ ಪೇಪರ್ ಹುಡುಗರು ಪುರವಣಿ ಸೇರಿಸುವುದನ್ನು ನೋಡಬೇಕು, ನಂದಿನಿ ವ್ಯಾನಿನಿಂದ ಕ್ರೇಟು ಇಳಿಸುವವರಿಗೆ ಟಾಟಾ ಹೇಳಬೇಕು, ಪ್ರತಿ ನಾಯಿಯನ್ನೂ ಮಾತನಾಡಿಸಬೇಕು. ಅರ್ಚಕರು "ಎಂಥ ಸಂಸ್ಕಾರ!" ಎಂದು ತಲೆದೂಗಿ ಅವನಿಗೆ ಎರಡು ದೊನ್ನೆ ಹುಗ್ಗಿ ಕೊಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಆಗ ಮಧ್ಯಾಹ್ನ ಮೂರೂವರೆ, ಅವನ ತಿಂಡಿಯ ಹೊತ್ತು ಎಂದು ನಾನು ಹೇಳಲಿಲ್ಲ. ವಾಪಸ್ಸು ಬರುವಾಗ ಹೆಗಲ ಮೇಲೆ ಕೂತು ಅವನು ಕಲಿತ ಕನ್ನಡ, ಹಗಲಿನಲ್ಲಿ ನೆಂಟರ ಗದ್ದಲದ ನಡುವೆ ಕಲಿತದ್ದಕ್ಕಿಂತ ಹೆಚ್ಚು.

ಈ ನೆಂಟರದೇ ಈಗ ಉಳಿದಿರುವ ಮಾತು. ಮಗು ಬಂದಿದೆ ಎಂದು ಪ್ರೀತಿಯಿಂದ ಬರುತ್ತೀರಿ, ಅದೂ ಬೆಳಿಗ್ಗೆ ಹನ್ನೊಂದಕ್ಕೆ. ಅದು ನಿದ್ದೆಯಲ್ಲಿದ್ದರೆ ಕೆನ್ನೆ ಹಿಂಡಿ ಎಬ್ಬಿಸುತ್ತೀರಿ, ಅತ್ತರೆ ಅಮ್ಮನ ಸೆರಗು ಬಿಡುವುದಿಲ್ಲ ಎನ್ನುತ್ತೀರಿ. ದಯವಿಟ್ಟು ಮೊದಲ ವಾರ ಫೋನಿನಲ್ಲೇ ವಿಚಾರಿಸಿಕೊಳ್ಳಿ. ಚೌಲ, ಹುಟ್ಟುಹಬ್ಬ, ಕುಲದೇವರ ದರ್ಶನ ಎಲ್ಲವನ್ನೂ ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಅಷ್ಟು ಕಾಯಲು ಆಗುವುದೇ ಇಲ್ಲ ಎನ್ನುವವರು ಬೆಳಗಿನ ಜಾವ ನಾಲ್ಕಕ್ಕೆ ಬನ್ನಿ, ಮಗು ನಗುನಗುತ್ತಾ ಎದುರುಗೊಳ್ಳುತ್ತದೆ. ಬರುವಾಗ ವ್ಯಾನಿನ ಹತ್ತಿರ ಎರಡು ಪ್ಯಾಕೆಟ್ ಹಾಲು ತೆಗೆದುಕೊಂಡು ಬನ್ನಿ.